ಅಮ್ಮನಿಗೆ ಕ್ಲೀನಿಂಗ್ ಗಿಫ್ಟ್: ಬೇಡ ಅನ್ನುವವರ ಮನೆಗೆ ಸೇವೆ ಮಾರುವ ಕಸರತ್ತು

ಗೌರಿ ಹಬ್ಬ ಹತ್ತಿರ ಬಂದರೆ ಸಾಕು, ಫೋನಿನಲ್ಲಿ ಒಂದೇ ಧಾಟಿಯ ಜಾಹೀರಾತು ಶುರುವಾಗುತ್ತದೆ. ಅಮ್ಮನಿಗೆ ಈ ಸಲ ಸೀರೆ ಬೇಡ, ಒಂದು ದಿನ ರಜೆ ಕೊಡಿ. ಹೆಂಡತಿಗೆ ಅಡುಗೆಮನೆ ಡೀಪ್ ಕ್ಲೀನಿಂಗ್ ಮಾಡಿಸಿಕೊಡಿ. ದೀಪಾವಳಿಗೆ ಇದು ಇನ್ನೂ ಜೋರು. ಮೇ ತಿಂಗಳ ತಾಯಂದಿರ ದಿನಕ್ಕಂತೂ ಕೇಳಲೇಬೇಡಿ. ಬಾತ್‌ರೂಮ್ ತೊಳೆಯುವುದು, ಸೋಫಾ ಶಾಂಪೂ ಹಾಕುವುದು, ಮನೆಗೆ ಬಂದು ಅಡುಗೆ ಮಾಡಿಟ್ಟು ಹೋಗುವುದು, ವಯಸ್ಸಾದವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬರುವುದು, ಎಲ್ಲವನ್ನೂ ಈಗ ಉಡುಗೊರೆ ಅಂತ ಕೊಡಬಹುದು.

ಮೇಲ್ನೋಟಕ್ಕೆ ಇದು ಹಬ್ಬದ ಸೀಸನ್ನಿನ ಮಾಮೂಲಿ ವ್ಯಾಪಾರ. ಆದರೆ ಒಂದು ವಿಷಯ ಗಮನಿಸಿ. ನಲ್ಲಿ ರಿಪೇರಿಯನ್ನು ಯಾರೂ ಗಿಫ್ಟ್ ಅಂತ ಮಾರುವುದಿಲ್ಲ. ನಲ್ಲಿ ಸೋರಿದರೆ ಜನ ತಾವೇ ಪ್ಲಂಬರ್‌ಗೆ ಫೋನ್ ಮಾಡುತ್ತಾರೆ, ಅವನು ಹೇಳಿದಷ್ಟು ಕೊಡುತ್ತಾರೆ, ಸ್ವಲ್ಪ ಗೊಣಗುತ್ತಾರೆ, ಅಷ್ಟೇ. ಉಡುಗೊರೆಯ ವೇಷ ಹಾಕಿಸುವುದು, ಬೇಕಿದ್ದರೂ ಜನ ತಮಗೋಸ್ಕರ ತಾವು ದುಡ್ಡು ಬಿಚ್ಚದ ಸೇವೆಗಳಿಗೆ. ಹಾಗಾದರೆ ದುಡ್ಡು ಯಾಕೆ ಬಿಚ್ಚುವುದಿಲ್ಲ, ಗಿಫ್ಟ್ ಅಂದಾಗ ಏನು ಬದಲಾಗುತ್ತದೆ, ಮತ್ತು ಗಿಫ್ಟ್ ಅಂದರೂ ಕೆಲವು ಮನೆಗಳಲ್ಲಿ ಯಾಕೆ ರಂಪ ಆಗುತ್ತದೆ?

ಮೊದಲು ದುಡ್ಡಿನ ವಿಷಯ. ಕೈಯಲ್ಲಿ ಕಾಸಿಲ್ಲ, ಅದಕ್ಕೇ ಕೊಳ್ಳುವುದಿಲ್ಲ ಅನ್ನುವುದು ಅರ್ಧ ಸತ್ಯ. ಆಶ್ಲಿ ವಿಲನ್ಸ್ ಅನ್ನುವ ಸಂಶೋಧಕಿ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ಕೆನಡಾದ ವ್ಯಾಂಕೂವರ್‌ನಲ್ಲಿ ಕೆಲಸಕ್ಕೆ ಹೋಗುವ 60 ಜನರಿಗೆ ಒಂದು ವಾರಾಂತ್ಯ 40 ಡಾಲರ್ ಕೊಟ್ಟು ಏನಾದರೂ ವಸ್ತು ತಗೊಳ್ಳಿ ಅಂದರು. ಇನ್ನೊಂದು ವಾರಾಂತ್ಯ ಅಷ್ಟೇ ದುಡ್ಡು ಕೊಟ್ಟು, ನಿಮ್ಮ ಸಮಯ ಉಳಿಸುವಂಥದ್ದಕ್ಕೆ ಖರ್ಚು ಮಾಡಿ ಅಂದರು. ಸಮಯ ಉಳಿಸಿಕೊಂಡ ದಿನವೇ ಜನ ಹೆಚ್ಚು ಖುಷಿಯಾಗಿದ್ದರು. ತಮಾಷೆ ಏನು ಅಂದರೆ, ಬೇರೆ 98 ಜನರನ್ನು ಕರೆದು "40 ಡಾಲರ್ ಅಚಾನಕ್ ಸಿಕ್ಕರೆ ಏನು ಮಾಡ್ತೀರಿ" ಅಂತ ಕೇಳಿದಾಗ, ಸಮಯ ಉಳಿಸುವುದಕ್ಕೆ ಅಂತ ಹೇಳಿದವರು ಬರೀ ಶೇ 2. ನೆದರ್ಲೆಂಡ್ಸ್‌ನ 818 ಮಿಲಿಯನೇರ್‌ಗಳನ್ನು ಕೇಳಿದರೆ, ಅವರಲ್ಲೂ ಹೆಚ್ಚುಕಮ್ಮಿ ಅರ್ಧ ಜನ ತಮಗೆ ಇಷ್ಟವಿಲ್ಲದ ಕೆಲಸವನ್ನು ಬೇರೆಯವರಿಂದ ಮಾಡಿಸಲು ಒಂದು ಪೈಸೆಯನ್ನೂ ಖರ್ಚು ಮಾಡುತ್ತಿರಲಿಲ್ಲ. ಅಷ್ಟು ದುಡ್ಡಿದ್ದವರ ಕಥೆಯೇ ಹೀಗೆ.

ನಮ್ಮಲ್ಲಿ ಕಥೆ ಸ್ವಲ್ಪ ಬೇರೆ. ಇಲ್ಲಿನ ಮಧ್ಯಮ ವರ್ಗಕ್ಕೆ ಮನೆಕೆಲಸಕ್ಕೆ ಬೇರೆಯವರನ್ನು ಇಟ್ಟುಕೊಳ್ಳುವುದು ಹೊಸದೇನೂ ಅಲ್ಲ. ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಬೆಳಗ್ಗೆ ಪಾತ್ರೆ, ಕಸ, ನೆಲಕ್ಕೆ ಒಬ್ಬರು ಬಂದು ಹೋಗುವ ಮನೆಗಳು ಸಾಲುಸಾಲು ಸಿಗುತ್ತವೆ. ಹಿಂಜರಿಕೆ ಶುರುವಾಗುವುದು ಆ ಮೂರು ಕೆಲಸ ದಾಟಿದ ಮೇಲೆ. ಒಂದು ಕಾರಣ ಲೆಕ್ಕಾಚಾರದ್ದು. ತಿಂಗಳಿಗೆ ಮೂರು ಸಾವಿರದ ಆಸುಪಾಸಿನಲ್ಲಿ ದಿನಾ ಒಬ್ಬರು ಬಂದು ದುಡಿಯುವಾಗ, ಬಾತ್‌ರೂಮ್ ಒಂದನ್ನು ಒಂದೇ ಒಂದು ಸಲ ಉಜ್ಜುವುದಕ್ಕೆ ನಾಲ್ಕೈದು ನೂರು ಅಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆ ಮೂರು ಸಾವಿರವೇ ಅನ್ಯಾಯದ ಮಟ್ಟಕ್ಕೆ ಕಡಿಮೆ ಅನ್ನುವ ಮಾತು ಬೇರೆ, ಆದರೆ ಮನಸ್ಸಿನಲ್ಲಿ ಕೂತಿರುವ ರೇಟು ಅದೇ.

ಇನ್ನೊಂದು ಕಾರಣ ನಾಚಿಕೆ. ಇದಕ್ಕೆ ಹಳೆಯ ಪುರಾವೆಯೇ ಇದೆ. 1950ರಲ್ಲಿ ಅಮೆರಿಕದ ಮೇಸನ್ ಹೇರ್ ಅನ್ನುವ ಮನಶ್ಶಾಸ್ತ್ರಜ್ಞ ಎರಡು ದಿನಸಿ ಚೀಟಿ ಬರೆದರು. ಎರಡೂ ಒಂದೇ ಥರ. ವ್ಯತ್ಯಾಸ ಇಷ್ಟೇ, ಒಂದರಲ್ಲಿ ಇನ್‌ಸ್ಟಂಟ್ ಕಾಫಿ, ಇನ್ನೊಂದರಲ್ಲಿ ಡಿಕಾಕ್ಷನ್ ಇಳಿಸುವ ಕಾಫಿಪುಡಿ. ಚೀಟಿ ತೋರಿಸಿ, ಈ ಸಾಮಾನು ತರುವ ಹೆಂಗಸು ಎಂಥವಳು ಅಂತ ಗೃಹಿಣಿಯರನ್ನೇ ಕೇಳಿದರು. ಇನ್‌ಸ್ಟಂಟ್ ಕಾಫಿಯ ಚೀಟಿ ನೋಡಿದವರಲ್ಲಿ ಶೇ 48ರಷ್ಟು ಜನ ಅವಳು ಸೋಮಾರಿ ಅಂದರು. ಇನ್ನೊಂದು ಚೀಟಿಗೆ ಹಾಗೆ ಅಂದವರು ಶೇ 4. ನೇರವಾಗಿ "ಇನ್‌ಸ್ಟಂಟ್ ಕಾಫಿ ಯಾಕೆ ಬೇಡ" ಅಂತ ಕೇಳಿದರೆ "ರುಚಿ ಇರಲ್ಲ" ಅನ್ನುವ ಉತ್ತರ ಬರುತ್ತಿತ್ತು. ಒಳಗಿದ್ದ ಭಯ ಬೇರೆಯೇ.

ಈಗ ನಮ್ಮ ಊರಿಗೆ ಬನ್ನಿ. 2005ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಐಡಿ ಫ್ರೆಶ್ ಮೊದಲು ಮಾರಿದ್ದು ಇಡ್ಲಿಯನ್ನಲ್ಲ, ಇಡ್ಲಿ-ದೋಸೆಯ ಹಿಟ್ಟನ್ನು. ನೆನೆಹಾಕಿ ರುಬ್ಬುವ ರಗಳೆ ಅವರದು, ಹಬೆಯಲ್ಲಿ ಬೇಯಿಸಿ ತಟ್ಟೆಗೆ ಹಾಕುವ ಕೆಲಸ ಮನೆಯವರದು. "ಇಡ್ಲಿ ನಾನೇ ಮಾಡಿದ್ದು" ಅಂತ ಹೇಳುವುದಕ್ಕೆ ಜಾಗ ಉಳಿಯುತ್ತದೆ. ಆ ಜಾಗ ಉಳಿಸಿದ್ದಕ್ಕೂ ಆ ಪ್ಯಾಕೆಟ್ಟು ಫ್ರಿಜ್ ಸೇರಿತು ಅನ್ನುವುದು ನನ್ನ ಅಂದಾಜು. ಮನೆ ಕ್ಲೀನಿಂಗ್‌ನಲ್ಲಿ ಅಂಥ ಜಾಗ ಇಲ್ಲ. ಯೂನಿಫಾರಂ ಹಾಕಿದ ಇಬ್ಬರು ವ್ಯಾಕ್ಯೂಮ್ ಎತ್ತಿಕೊಂಡು ಗೇಟಿನಲ್ಲಿ ನಿಂತರೆ ಪಕ್ಕದ ಮನೆಯವರಿಗೂ ಗೊತ್ತಾಗುತ್ತದೆ.

ಮೂರನೆಯ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಡುಗೆಮನೆಯೊಳಗೆ ಯಾರು ಕಾಲಿಡಬಹುದು, ಬಚ್ಚಲು ತೊಳೆದವರು ದೇವರ ಮನೆ ಮುಂದೆ ಓಡಾಡಬಹುದಾ, ಅವರಿಗೆ ಕಾಫಿ ಯಾವ ಲೋಟದಲ್ಲಿ ಕೊಡಬೇಕು. ಮಡಿ, ಜಾತಿ, ಮುಟ್ಟು-ಚಟ್ಟು, ಎಲ್ಲ ಇದರಲ್ಲಿ ಇದೆ. ಕಂಪನಿಗಳಿಗೆ ಇದು ಗೊತ್ತು. ಯೂನಿಫಾರಂ, ಕೊರಳಲ್ಲಿ ಐಡಿ ಕಾರ್ಡು, ಶೂಗೆ ಕವರು, ಇಂಗ್ಲಿಷಿನ ಹುದ್ದೆಯ ಹೆಸರು, ಇಷ್ಟೆಲ್ಲ ಶೃಂಗಾರ ಬರೀ ಸ್ವಚ್ಛತೆಗಲ್ಲ. ಬಂದವರ ಹಿನ್ನೆಲೆ ಕೇಳುವ ಬಾಯಿಯನ್ನು ಅದು ಮುಚ್ಚಿಸುತ್ತದೆ. ಕೆಲವು ಮನೆಗಳಲ್ಲಿ ಮುಚ್ಚಿಸುತ್ತದೆ, ಕೆಲವು ಮನೆಗಳಲ್ಲಿ ಇಲ್ಲ. ಇದರ ಜೊತೆಗೆ ಕಳ್ಳತನದ ಭಯ, ಒಬ್ಬಂಟಿ ಹೆಂಗಸರಿಗೆ ಅಪರಿಚಿತ ಗಂಡಸರು ಮನೆಗೆ ಬರುವ ಭಯ. ಈ ಕೊನೆಯದು ಪೂರ್ತಿ ನ್ಯಾಯವಾದದ್ದೇ.

ಗಿಫ್ಟ್ ಅಂದಾಗ ಏನಾಗುತ್ತದೆ

ಇಷ್ಟೆಲ್ಲ ಗೋಡೆ ಇರುವಾಗ ಕಂಪನಿಗಳ ಮುಂದೆ ಎರಡು ದಾರಿ. ಒಂದು, ರೇಟು ಇಳಿಸುವುದು. 2025ರ ಮಾರ್ಚ್‌ನಲ್ಲಿ ಅರ್ಬನ್ ಕಂಪನಿ ಅನ್ನುವ ಮನೆ ಸೇವೆಗಳ ಆ್ಯಪ್ ಮುಂಬೈನಲ್ಲಿ 15 ನಿಮಿಷದೊಳಗೆ ಮನೆಕೆಲಸಕ್ಕೆ ಜನ ಕಳಿಸುವ ಸೇವೆ ಶುರು ಮಾಡಿದಾಗ ಗಂಟೆಗೆ 49 ರೂಪಾಯಿ ಅಂತ ಆರಂಭದ ದರ ಇಟ್ಟಿತ್ತು. ರುಚಿ ಹತ್ತಿಸುವುದಕ್ಕೆ ಇದು ಹಳೆಯ ವಿದ್ಯೆ. ತೊಂದರೆ ಏನು ಅಂದರೆ 49 ಅನ್ನುವ ಅಂಕಿ ತಲೆಯಲ್ಲಿ ಕೂತುಬಿಡುತ್ತದೆ. ನಾಳೆ ನೈಜ ಬೆಲೆ ಹೇಳಿದರೆ ಅದು ಲೂಟಿ ಥರ ಕಾಣುತ್ತದೆ. ರಿಯಾಯಿತಿಗೆ ಬಂದ ಗಿರಾಕಿ ರಿಯಾಯಿತಿ ಮುಗಿದ ದಿನ ಇನ್ನೊಂದು ಆ್ಯಪ್‌ಗೆ ಹೋಗುತ್ತಾನೆ.

ಎರಡನೇ ದಾರಿ ಉಡುಗೊರೆ. ಇಲ್ಲಿ ಬೆಲೆ ಇಳಿಯುವುದಿಲ್ಲ, ದುಡ್ಡು ಕೊಡುವ ಕೈ ಬದಲಾಗುತ್ತದೆ. ಅಮ್ಮ ತನಗಾಗಿ ಮೂರು-ನಾಲ್ಕು ಸಾವಿರ ಕೊಟ್ಟು ಮನೆ ತೊಳೆಸಿದರೆ ಅದು ದುಂದು. ಅದನ್ನೇ ಮಗಳು ಕೊಟ್ಟರೆ ಅದು ಪ್ರೀತಿ. ರಿಚರ್ಡ್ ಥೇಲರ್, 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು, 1985ರಲ್ಲೇ ಇದನ್ನು ಬರೆದಿದ್ದರು. ನಾವು ತಲೆಯೊಳಗೆ ದುಡ್ಡನ್ನು ಬೇರೆಬೇರೆ ಖಾತೆಗಳಲ್ಲಿ ಇಟ್ಟಿರುತ್ತೇವೆ, ಹಾಗಾಗಿ ನಮಗೆ ಇಷ್ಟವಿದ್ದರೂ ದಂಡ ಖರ್ಚು ಅಂತ ಬಿಟ್ಟುಬಿಡುವ ವಸ್ತು ಉಡುಗೊರೆಯಾಗಿ ಬಂದರೆ ಹೆಚ್ಚು ಸಂತೋಷ ಕೊಡುತ್ತದೆ ಅಂತ. ಇದಕ್ಕೆ ಎದುರು ವಾದವೂ ಇದೆ. 1993ರಲ್ಲಿ ಜೋಯೆಲ್ ವಾಲ್ಡ್‌ಫೋಗೆಲ್ ಅನ್ನುವ ಅರ್ಥಶಾಸ್ತ್ರಜ್ಞ ಕ್ರಿಸ್‌ಮಸ್ ಉಡುಗೊರೆಗಳ ಲೆಕ್ಕ ಹಾಕಿ, ಪಡೆದವರ ಕಣ್ಣಲ್ಲಿ ಆ ವಸ್ತುವಿಗೆ ಅಸಲು ಬೆಲೆಗಿಂತ ಶೇ 10ರಿಂದ ಮೂರನೇ ಒಂದು ಪಾಲಿನಷ್ಟು ಕಡಿಮೆ ಬೆಲೆ ಅಂತ ತೋರಿಸಿದರು. ಗೃಹಪ್ರವೇಶಕ್ಕೆ ಬಂದ ಏಳನೇ ಗೋಡೆ ಗಡಿಯಾರ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೊಳ್ಳುವವರು ಒಬ್ಬರು, ಬಳಸುವವರು ಇನ್ನೊಬ್ಬರು ಅನ್ನುವ ಈ ಆಟವನ್ನು ನಮ್ಮ ದೇಶದಲ್ಲಿ ಪ್ರೆಷರ್ ಕುಕ್ಕರ್ ಬಹಳ ಹಿಂದೆಯೇ ಆಡಿ ಗೆದ್ದಿದೆ. ಹೊಸೂರಿನಲ್ಲಿ ಕಾರ್ಖಾನೆ, ಬೆಂಗಳೂರಿನಲ್ಲಿ ಕಚೇರಿ ಇರುವ ಪ್ರೆಸ್ಟೀಜ್‌ನ ಹಳೆಯ ಹಿಂದಿ ಜಾಹೀರಾತು ದೂರದರ್ಶನ ನೋಡಿ ಬೆಳೆದವರಿಗೆ ನೆನಪಿರುತ್ತದೆ. ಹೆಂಡತಿಯನ್ನು ಪ್ರೀತಿಸುವ ಗಂಡ ಪ್ರೆಸ್ಟೀಜ್ ಬೇಡ ಅನ್ನುವುದುಂಟೇ ಅನ್ನುವುದು ಅದರ ತಿರುಳು. ಹೆಂಡತಿಗೆ ಕುಕ್ಕರ್ ಬೇಕಾ ಅಂತ ಅವರು ಕೇಳಲೇ ಇಲ್ಲ. ಗಂಡನಿಗೆ ಹೆಂಡತಿ ಮೇಲೆ ಪ್ರೀತಿ ಇದೆಯಾ ಅಂತ ಕೇಳಿದರು. ಇಲ್ಲ ಅಂತ ಯಾರು ಹೇಳುತ್ತಾರೆ? ಇವತ್ತು ಅಮೆರಿಕದಲ್ಲಿ ಕೂತ ಮಗನಿಗೆ, ಊರಿನ ಅಪ್ಪ-ಅಮ್ಮನ ಮನೆಗೆ ಕ್ಲೀನಿಂಗ್ ಕಳಿಸಿ ಅನ್ನುವ ಜಾಹೀರಾತು ಕೇಳುತ್ತಿರುವುದೂ ಅದೇ ಪ್ರಶ್ನೆ. ಮಾರಾಟವಾಗುತ್ತಿರುವುದು ಮಗನ ತಪ್ಪಿತಸ್ಥ ಭಾವನೆಗೆ ಔಷಧಿ. ಮನೆ ಸ್ವಚ್ಛವಾಗುವುದು ಅದರ ಜೊತೆಗೆ ಬಂದ ಲಾಭ.

ಆದರೆ ಕುಕ್ಕರ್‌ಗೂ ಕ್ಲೀನಿಂಗ್‌ಗೂ ಒಂದು ದೊಡ್ಡ ವ್ಯತ್ಯಾಸ. ಕುಕ್ಕರ್ ಬಂದ ಮೇಲೂ ಅಡುಗೆ ಅವಳದೇ. ಬೇಡ ಅನ್ನಿಸಿದರೆ ಅಟ್ಟಕ್ಕೆ ಹಾಕಬಹುದು. ಸೇವೆಯನ್ನು ಅಟ್ಟಕ್ಕೆ ಹಾಕಲು ಬರುವುದಿಲ್ಲ, ಅದು ಬೆಳಗ್ಗೆ ಹತ್ತಕ್ಕೆ ಬೆಲ್ ಮಾಡುತ್ತದೆ.

ಹೋದ ಸಲ ದಸರಾಕ್ಕೆ ಮುಂಚೆ ನ್ಯೂಜೆರ್ಸಿಯಲ್ಲಿರುವ ನಮ್ಮ ಅಣ್ಣ, ದೊಡ್ಡಮ್ಮನ ಮಗ, ಮೈಸೂರಿನ ಕುವೆಂಪುನಗರದ ಮನೆಗೆ ಪೂರ್ತಿ ಡೀಪ್ ಕ್ಲೀನಿಂಗ್ ಬುಕ್ ಮಾಡಿದ. ನಾನು ಅವತ್ತು ಅಲ್ಲೇ ಇದ್ದೆ. ದೊಡ್ಡಮ್ಮ ಹಿಂದಿನ ದಿನವೇ ಅರ್ಧ ಮನೆ ತೊಳೆದು ಮುಗಿಸಿದ್ದರು. ಬಂದವರು ಏನಂದುಕೊಂಡಾರು ಅಂತ! ಹಿತ್ತಾಳೆ ಸಾಮಾನೆಲ್ಲ ಬೀರುವಿಗೆ ಹೋಗಿತ್ತು, ದೇವರ ಮನೆಗೆ ಬೀಗ ಬಿದ್ದಿತ್ತು. ಹತ್ತು ಗಂಟೆಗೆ ಇಬ್ಬರು ಹುಡುಗರು ಬಂದರು. ಕೆಲಸ ಶುರು ಮಾಡಬೇಕಾದರೆ ಓಟಿಪಿ ಹೇಳಬೇಕು. ಓಟಿಪಿ ಹೋಗಿದ್ದು ಅಣ್ಣನ ಫೋನಿಗೆ. ಅಲ್ಲಿ ಆಗ ಮಧ್ಯರಾತ್ರಿ ಕಳೆದು ಅರ್ಧ ಗಂಟೆ, ಅವನು ಫೋನ್ ಸೈಲೆಂಟ್ ಮಾಡಿ ಮಲಗಿದ್ದ. ಹುಡುಗರಿಗೆ ಕನ್ನಡ ಬರದು, ದೊಡ್ಡಮ್ಮನಿಗೆ ಹಿಂದಿ ಬರದು. ಅವರನ್ನು ಬಾಗಿಲಲ್ಲಿ ನಿಲ್ಲಿಸಲಾರದೆ "ಕೂತ್ಕೊಳ್ರಪ್ಪ, ಕಾಫಿ ಕುಡೀರಿ" ಅಂತ ಒಳಗೆ ಕೂರಿಸಿದರು. ಅತ್ತಿಗೆಗೆ ಫೋನ್ ಮಾಡಿ ಎಬ್ಬಿಸಿ, ಓಟಿಪಿ ತರಿಸಿ, ಕೆಲಸ ಶುರುವಾಗುವಷ್ಟರಲ್ಲಿ ಹತ್ತೂಮುಕ್ಕಾಲು.

ಕೆಲಸ ಚೆನ್ನಾಗಿಯೇ ಆಯಿತು. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನು ಬಿಳಿ ಬಣ್ಣದ್ದು ಅನ್ನುವುದೇ ನಮಗೆಲ್ಲ ಮರೆತುಹೋಗಿತ್ತು. ಆದರೂ ಸಂಜೆ ಅಣ್ಣ ವಿಡಿಯೋ ಕಾಲ್ ಮಾಡಿ "ಹೇಗಾಯ್ತಮ್ಮ" ಅಂದಾಗ ದೊಡ್ಡಮ್ಮ ಮೊದಲು ಕೇಳಿದ್ದು, "ನಾನು ಮನೆ ಅಷ್ಟು ಗಲೀಜಾಗಿ ಇಟ್ಕೊಂಡಿದ್ದೀನೇನೋ?" ಅಂತ. ಅವನು ಪಾಪ ಏನು ಹೇಳಬೇಕು? ಇನ್ನೊಂದು ವಿಷಯ ಅವನಿಗೆ ಗೊತ್ತಿಲ್ಲ. ಹುಡುಗರು ಹೊರಡುವಾಗ ದೊಡ್ಡಮ್ಮ ಅವರ ಸ್ವಂತ ನಂಬರ್ ಕೇಳಿದರು. ಮುಂದಿನ ಸಲ ನೇರವಾಗಿ ಫೋನ್ ಮಾಡುತ್ತೇನೆ, ಮಧ್ಯೆ ಆ ಆ್ಯಪ್ ಯಾಕೆ ಅಂತ ಕೈಸನ್ನೆಯಲ್ಲೇ ಅರ್ಥ ಮಾಡಿಸಿದರು. ಅವರು ನಕ್ಕರು, ನಂಬರ್ ಕೊಡಲಿಲ್ಲ.

ಆ ಬೆಳಗಿನ ಒಳಗೆ ಈ ವ್ಯಾಪಾರದ ಅರ್ಧ ಸಮಸ್ಯೆ ಇದೆ. ಬುಕಿಂಗ್ ವ್ಯವಸ್ಥೆಗೆ ಗೊತ್ತಿರುವುದು ದುಡ್ಡು ಕೊಟ್ಟವನು ಮಾತ್ರ. ಪಡೆಯುವವರ ಫೋನ್ ನಂಬರ್, ಅವರ ಭಾಷೆ, ಅವರ ಸಮಯ, ರಾಹುಕಾಲ ಇದೆಯಾ, ಮಧ್ಯಾಹ್ನ ಮಲಗುತ್ತಾರಾ, ಇದ್ಯಾವುದೂ ಅದಕ್ಕೆ ಬೇಡ. ಜಾಹೀರಾತಿನಲ್ಲಿ ಗಿಫ್ಟ್, ಸಾಫ್ಟ್‌ವೇರ್‌ನಲ್ಲಿ ಮಾಮೂಲಿ ಆರ್ಡರ್. ಇನ್ನು ನಂಬಿಕೆ ಹುಟ್ಟಿದಾಗಲೂ ಅದು ಹುಟ್ಟಿದ್ದು ಎಕ್ಸಾಸ್ಟ್ ಫ್ಯಾನ್ ಬೆಳ್ಳಗೆ ಮಾಡಿದ ಹುಡುಗರ ಮೇಲೆ. ಕಂಪನಿಯ ಮೇಲೆ ಅಲ್ಲ. ಹಾಗಾಗಿ ಗಿಫ್ಟಿನಿಂದ ಮೊದಲ ಸಲ ಬಾಗಿಲು ತೆರೆಯಿತು ಅಂತ ಕಂಪನಿ ಕುಣಿದರೆ ಪ್ರಯೋಜನ ಇಲ್ಲ. ಎರಡನೇ ಸಲ ಅದೇ ಹುಡುಗರನ್ನು ಕಳಿಸುತ್ತೀರಾ ಅನ್ನುವುದು ಅಸಲಿ ಪ್ರಶ್ನೆ.

ಯಾರ ಕೆಲಸವನ್ನು ಯಾರು ಮಾಡಿಸಿದರು

ಎಲ್ಲ ಸೇವಾ ಉಡುಗೊರೆಗೂ ಜನ ಮುಖ ಸಿಂಡರಿಸುವುದಿಲ್ಲ. ಬಾಣಂತನ ನೋಡಿ. ಚೊಚ್ಚಲ ಹೆರಿಗೆ ಅಂದರೆ ತವರಿನ ಜವಾಬ್ದಾರಿ. ಎಣ್ಣೆ ಹಚ್ಚಿ ನೀರು ಹಾಕುವುದು, ಮಗುವಿಗೆ ಸಾಂಬ್ರಾಣಿ ಹೊಗೆ ಹಿಡಿಯುವುದು, ಪಥ್ಯದ ಅಡುಗೆ, ಎಲ್ಲ ಅಮ್ಮನ ಮೇಲೆ. ಈಗ ಅಮ್ಮನಿಗೇ ಮೊಣಕಾಲು ನೋವು, ಇಲ್ಲಾ ಅವರೂ ಕೆಲಸಕ್ಕೆ ಹೋಗುತ್ತಾರೆ. ಹಾಗಾಗಿ ನೀರು ಹಾಕುವುದಕ್ಕೆ, ಅಡುಗೆಗೆ ಜನ ಗೊತ್ತು ಮಾಡಿ ದುಡ್ಡು ತವರಿನವರೇ ಕೊಡುತ್ತಾರೆ. ಅಪಾರ್ಟ್‌ಮೆಂಟುಗಳಲ್ಲಿ ಇದು ಸರ್ವೇಸಾಮಾನ್ಯ. ಮಗಳು "ನನ್ನನ್ನು ಸೋಮಾರಿ ಅಂದುಕೊಂಡ್ರಾ" ಅಂತ ಕೇಳುವುದಿಲ್ಲ. ಅತ್ತೆ ಮನೆಯವರೂ ಮಾತಾಡುವುದಿಲ್ಲ. ಗೌರಿ ಹಬ್ಬಕ್ಕೆ ಹಳೇ ಮೈಸೂರು ಕಡೆ ಹೆಣ್ಣುಮಕ್ಕಳಿಗೆ ಮಂಗಳದ್ರವ್ಯ ಅಂತ ದುಡ್ಡು ಕಳಿಸುವುದಿಲ್ಲವಾ, ಹಾಗೆ ಇದೂ ತವರಿನ ಲೆಕ್ಕಕ್ಕೆ ಸೇರಿಹೋಗುತ್ತದೆ.

ಆಸ್ಪತ್ರೆಗೆ ಜೊತೆಗೆ ಹೋಗುವ ಸೇವೆಯೂ ಹಾಗೇ. ದೂರದಲ್ಲಿರುವ ಮಗ ಬುಕ್ ಮಾಡಿದರೆ ಅಪ್ಪ ಸ್ವಲ್ಪ ಗೊಣಗಬಹುದು, ಅವಮಾನ ಅಂತ ಅಂದುಕೊಳ್ಳುವುದಿಲ್ಲ. ಬಾಣಂತನ ಅಮ್ಮ ಮಾಡಬೇಕಿದ್ದ ಕೆಲಸ, ಆಸ್ಪತ್ರೆಗೆ ಓಡಾಡುವುದು ಮಗ ಮಾಡಬೇಕಿದ್ದ ಕೆಲಸ. ಕೊಡುವವರು ತಾವೇ ಮಾಡಬೇಕಿದ್ದದ್ದನ್ನು ದುಡ್ಡು ಕೊಟ್ಟು ಮಾಡಿಸಿದರೆ ಅದು ಉಡುಗೊರೆ ಅನ್ನಿಸಿಕೊಳ್ಳುತ್ತದೆ. ಪಡೆಯುವವರು ತಮ್ಮದು ಅಂದುಕೊಂಡ ಕೆಲಸವನ್ನು ಬೇರೆಯವರ ಕೈಗೆ ಕೊಟ್ಟರೆ ಅದು ಟೀಕೆ ಥರ ಕೇಳಿಸುತ್ತದೆ. ಮಗ ಅಡುಗೆಮನೆ ಕ್ಲೀನಿಂಗ್ ಕಳಿಸಿದಾಗ ಅಮ್ಮನಿಗೆ ಕೇಳಿಸಿದ್ದು ಇದೇ. ಈ ಒಂದು ಗೆರೆ ಎಲ್ಲಿದೆ ಅಂತ ತಿಳಿಯದೆ ಜಾಹೀರಾತಿಗೆ ಎಷ್ಟು ದುಡ್ಡು ಸುರಿದರೂ ಅಷ್ಟೇ.

ಉಡುಗೊರೆಯ ಜೊತೆ ಹೇಳುವ ಮಾತೂ ಮುಖ್ಯ. ವಿಲನ್ಸ್ ಮತ್ತು ಜೊತೆಗಾರರು 2020ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ನಿಮಗೆ ದುಡ್ಡು ಉಳಿಯಲಿ ಅಂತ ಕೊಟ್ಟ ಉಡುಗೊರೆ ಜನರಿಗೆ ಮುಜುಗರ ತಂದಿತ್ತು, ತಮ್ಮನ್ನು ಕೀಳಾಗಿ ಕಂಡರು ಅನ್ನಿಸಿತ್ತು. ನಿಮಗೆ ಸಮಯ ಉಳಿಯಲಿ ಅಂತ ಕೊಟ್ಟದ್ದು ಹಾಗೆ ಚುಚ್ಚಲಿಲ್ಲ. ಬಿಡುವಿಲ್ಲದವರು ಅಂದರೆ ದೊಡ್ಡವರು ಅನ್ನುವ ಭಾವನೆ ಅಲ್ಲಿ ಕೆಲಸ ಮಾಡುತ್ತದೆ. ಆದರೆ ನಿವೃತ್ತರಾದ ನಮ್ಮ ಅಪ್ಪ-ಅಮ್ಮಂದಿರ ಹತ್ತಿರ "ನಿಮಗೆ ಟೈಮ್ ಉಳಿಯುತ್ತೆ" ಅಂದರೆ ಅವರು ನಗುತ್ತಾರೆ. ಅವರಿಗಿರುವುದೇ ಟೈಮ್. ಅವರಿಗೆ ಬೆನ್ನು ನೋಯುತ್ತದೆ, ಸ್ಟೂಲ್ ಹತ್ತುವುದಕ್ಕೆ ಭಯ. ಅದನ್ನು ಹೇಳಿ ಮಾರಿದರೆ ಅರ್ಥ ಇದೆ.

ಇನ್ನು ಗಂಡ ಹೆಂಡತಿಗೆ ಕೊಡುವ ಕ್ಲೀನಿಂಗ್ ಉಡುಗೊರೆ. ಇದು ನನಗೆ ಅತಿ ಹೆಚ್ಚು ಇರಿಸುಮುರಿಸು ತರುವ ಜಾಹೀರಾತು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಕೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ. ಗಂಡಸರು 88 ನಿಮಿಷ. ಅದೂ, ಮನೆಕೆಲಸಕ್ಕೆ ಕೈ ಹಾಕುವ ಗಂಡಸರ ಸರಾಸರಿ ಮಾತ್ರ ಅದು. ಹಾಕದವರ ಲೆಕ್ಕ ಅದರಲ್ಲಿ ಇಲ್ಲ. 2019ರ ಸಮೀಕ್ಷೆಯಲ್ಲಿ ಆ ಅಂಕಿಗಳು 299 ಮತ್ತು 97 ಇದ್ದವು. ಹಾಗಿರುವಾಗ ವರ್ಷಕ್ಕೊಮ್ಮೆ ನಾಲ್ಕು ಸಾವಿರ ಕೊಟ್ಟು "ನಿನಗೆ ರಜೆ" ಅಂದರೆ, ಮಿಕ್ಕ ದಿನದ ಕೆಲಸ ನಿನ್ನದೇ ಅಂತ ರಿಬ್ಬನ್ ಕಟ್ಟಿ ಹೇಳಿದ ಹಾಗೆ. ಆ ಅಡುಗೆಮನೆ ತನ್ನದೂ ಹೌದು ಅಂತ ಗಂಡ ಒಪ್ಪಿದರೆ, ಅವನು ಕೊಟ್ಟಿದ್ದು ಗಿಫ್ಟ್ ಆಗುವುದಿಲ್ಲ. ತನ್ನ ಪಾಲಿನ ಕೆಲಸಕ್ಕೆ ಬದಲಿ ಆಳು ಕಳಿಸಿದ ಅಷ್ಟೇ. ಮೇಲೆ ಹೇಳಿದ ಗೆರೆಯ ಪ್ರಕಾರ ಅಂಥದ್ದನ್ನು ಹೆಂಡತಿಯರು ಸಂತೋಷವಾಗಿಯೇ ಒಪ್ಪುತ್ತಾರೆ. ಜಾಹೀರಾತು ಬರೆಯುವವರು ಇದನ್ನು ಯಾಕೆ ಹಿಡಿಯುವುದಿಲ್ಲವೋ ಗೊತ್ತಿಲ್ಲ. ಬಹುಶಃ ಗಿಫ್ಟ್ ಕಾರ್ಡ್ ಕೊಳ್ಳುವವನಿಗೆ ನೋವಾಗುತ್ತದೆ ಅಂತಿರಬೇಕು.

ಕಾರ್ಡಿನ ಹಿಂದಿನ ಲೆಕ್ಕ

ಕಂಪನಿಗಳಿಗೆ ಗಿಫ್ಟ್ ಕಾರ್ಡ್ ಇಷ್ಟವಾಗುವುದಕ್ಕೆ ಇನ್ನೊಂದು ಕಾರಣ ಇದೆ, ಅದು ಭಾವನೆಯದ್ದಲ್ಲ. ದುಡ್ಡು ಇವತ್ತು ಬರುತ್ತದೆ, ಕೆಲಸ ಯಾವತ್ತೋ. ಕೆಲವು ಕಾರ್ಡುಗಳು ಯಾವತ್ತೂ ಬಳಕೆಯಾಗುವುದೇ ಇಲ್ಲ. ಹಿಂಜರಿಯುವವರಿಗೆ ಅಂತಲೇ ಮಾರಿದ ಸೇವೆಯಲ್ಲಿ ಹೀಗಾಗುವ ಸಾಧ್ಯತೆ ಇನ್ನೂ ಜಾಸ್ತಿ, ಯಾಕೆಂದರೆ ಕಾರ್ಡ್ ಕೈಗೆ ಬಂದ ಮಾತ್ರಕ್ಕೆ ಹಿಂಜರಿಕೆ ಹೋಗುವುದಿಲ್ಲ. "ಹಬ್ಬ ಮುಗೀಲಿ, ನೋಡೋಣ" ಅಂತ ಅಮ್ಮ ಮುಂದೂಡುತ್ತಾರೆ, ಅಷ್ಟರಲ್ಲಿ ಅವಧಿ ಮುಗಿಯುತ್ತದೆ. ಸೇವೆ ಕೊಡದೆಯೇ ದುಡ್ಡು ಉಳಿಯಿತು. ಬಳಕೆಯಾಗದೆ ಉಳಿದ ವೋಚರ್ ಮೊತ್ತಕ್ಕೆ ಜಿಎಸ್‌ಟಿ ಇಲ್ಲ ಅಂತ 2024ರ ಡಿಸೆಂಬರ್ 31ರ ಸುತ್ತೋಲೆಯಲ್ಲಿ ಪರೋಕ್ಷ ತೆರಿಗೆ ಮಂಡಳಿಯೂ ಹೇಳಿದೆ.

ಇಲ್ಲಿ ಗಿರಾಕಿಗೆ ಗೊತ್ತಿರಬೇಕಾದ ಒಂದು ವ್ಯತ್ಯಾಸ ಇದೆ. ಬೇರೆಬೇರೆ ಅಂಗಡಿಗಳಲ್ಲಿ ನಡೆಯುವ, ಬ್ಯಾಂಕಿನಂಥ ಸಂಸ್ಥೆ ಕೊಡುವ ಗಿಫ್ಟ್ ಕಾರ್ಡಿಗೆ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಮೊತ್ತ 10,000 ರೂಪಾಯಿ ದಾಟುವಂತಿಲ್ಲ, ಕನಿಷ್ಠ ಒಂದು ವರ್ಷ ಚಾಲ್ತಿಯಲ್ಲಿರಬೇಕು. ಆದರೆ ಒಂದು ಕಂಪನಿ ತನ್ನ ಸ್ವಂತ ಸೇವೆಗೆ ಮಾತ್ರ ಅಂತ ಕೊಡುವ ಕಾರ್ಡು ಈ ನಿಯಮದೊಳಗೆ ಬರುವುದಿಲ್ಲ. ಅದಕ್ಕೆ ಮೂರು ತಿಂಗಳ ಅವಧಿ ಇಟ್ಟರೂ ರಿಸರ್ವ್ ಬ್ಯಾಂಕ್ ಕೇಳುವುದಿಲ್ಲ. ಸಣ್ಣ ಅಕ್ಷರದಲ್ಲಿ ಏನಿದೆ ಅಂತ ನೀವೇ ಓದಬೇಕು.

ಹೊರದೇಶಗಳಲ್ಲಿ ಇದೇ ಹಿಂಜರಿಕೆಯನ್ನು ಸರ್ಕಾರಗಳು ಬೇರೆ ರೀತಿ ಕರಗಿಸಿವೆ. ಬೆಲ್ಜಿಯಂನಲ್ಲಿ 2004ರಿಂದ ಮನೆಕೆಲಸಕ್ಕೆ ಸರ್ಕಾರದ ಸಬ್ಸಿಡಿ ಇರುವ ವೋಚರ್ ಇದೆ, ಗಂಟೆಗೆ ಒಂದು ವೋಚರ್. ಕೆಲಸ ಮಾಡುವವರಿಗೆ ಅದರಿಂದ ಪಕ್ಕಾ ನೌಕರಿ, ವಿಮೆ, ರಜೆ ಸಿಕ್ಕಿತು. ಫ್ರಾನ್ಸ್‌ನಲ್ಲಿ 2006ರಿಂದ ಇರುವ ವ್ಯವಸ್ಥೆಯಲ್ಲಿ ಕಂಪನಿಗಳು ತಮ್ಮ ನೌಕರರಿಗೆ ಇಂಥ ಚೆಕ್ಕುಗಳನ್ನು ಕೊಡಬಹುದು. ಮನೆ ಕ್ಲೀನಿಂಗ್‌ಗೋ ಮಗು ನೋಡಿಕೊಳ್ಳುವವರಿಗೋ ಅದನ್ನು ಬಳಸುತ್ತಾರೆ. ನಮ್ಮ ಐಟಿ ಕಂಪನಿಗಳು ದೀಪಾವಳಿಗೆ ಕೊಡುವ ಡ್ರೈಫ್ರೂಟ್ಸ್ ಡಬ್ಬಿ, ಬ್ಲೂಟೂತ್ ಸ್ಪೀಕರ್ ಬದಲು ಇದನ್ನು ಕೊಟ್ಟರೆ ಹೇಗೆ ಅಂತ ನಾನು ಯೋಚಿಸುವುದುಂಟು. ಆಫೀಸು ಕೊಟ್ಟ ಕಾರ್ಡಿನಲ್ಲಿ "ನಿಮ್ಮ ಮನೆ ಗಲೀಜು" ಅನ್ನುವ ಧ್ವನಿ ಇರುವುದಿಲ್ಲ. ಎಲ್ಲರಿಗೂ ಕೊಟ್ಟಿದ್ದಾರೆ, ನಮಗೂ ಬಂತು, ಅಷ್ಟೇ.

ಈ ಇಡೀ ವ್ಯಾಪಾರದಲ್ಲಿ ಕಾಣದೇ ಹೋಗುವುದು ಉಡುಗೊರೆಯನ್ನು ಬೆನ್ನು ಬಗ್ಗಿಸಿ ಮಾಡುವವರು. ಜಾಹೀರಾತಿನಲ್ಲಿ ನಗುವ ಅಮ್ಮ ಇರುತ್ತಾರೆ, ಹೊಳೆಯುವ ಸಿಂಕ್ ಇರುತ್ತದೆ, ಉಜ್ಜಿದ ಕೈ ಇರುವುದಿಲ್ಲ. ಹಬ್ಬದ ಮುಂಚಿನ ವಾರ ಬುಕಿಂಗ್ ಮುಗಿಬೀಳುತ್ತದೆ, ಹಬ್ಬ ಮುಗಿದ ವಾರ ಕೆಲಸವೇ ಇರುವುದಿಲ್ಲ, ಆ ಏರಿಳಿತ ಅವರ ಸಂಪಾದನೆಯ ಮೇಲೆ. ಕರ್ನಾಟಕ 2004ರಲ್ಲೇ ಮನೆಕೆಲಸಕ್ಕೆ ಕನಿಷ್ಠ ವೇತನ ಗೊತ್ತುಮಾಡಿದ ರಾಜ್ಯ. 2025ರಲ್ಲಿ ಗಿಗ್ ಕಾರ್ಮಿಕರ, ಅಂದರೆ ಆ್ಯಪ್ ಮೂಲಕ ಬಿಡಿ ಕೆಲಸ ಮಾಡುವವರ, ಕಾಯಿದೆಯೂ ಬಂದಿದೆ. ಆ್ಯಪ್ ಕಂಪನಿಗಳು ಪ್ರತಿ ಕೆಲಸಕ್ಕೆ ಕಾರ್ಮಿಕರಿಗೆ ಕೊಡುವ ಮೊತ್ತದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ನಿಧಿಗೆ ಕಟ್ಟಬೇಕು ಅನ್ನುತ್ತದೆ ಅದು. ಇದರಿಂದ ಬೆಲೆ ಏರಿ ಗಿರಾಕಿ ಓಡಿಹೋಗುತ್ತಾನೆ ಅನ್ನುವ ಕಂಪನಿಗಳ ವಾದವನ್ನು ನಾನು ಒಪ್ಪುವುದಿಲ್ಲ. ಉಡುಗೊರೆಯಾಗಿ ಕೊಳ್ಳುವವರು ಐದು-ಹತ್ತು ರೂಪಾಯಿಗೆ ಚೌಕಾಶಿ ಮಾಡುವುದಿಲ್ಲ. ಬೆಲೆಗೆ ಹೆದರದ ಗಿರಾಕಿ ಅಂತ ತಾನೇ ಗಿಫ್ಟ್ ದಾರಿ ಹಿಡಿದಿದ್ದು?

ಮೈಸೂರು, ಹುಬ್ಬಳ್ಳಿ, ದಾವಣಗೆರೆಯಂಥ ಊರುಗಳಲ್ಲಿ ನಾಲ್ಕೈದು ಜನರನ್ನು ಇಟ್ಟುಕೊಂಡು ಕ್ಲೀನಿಂಗ್ ಸರ್ವಿಸ್ ನಡೆಸುವ ಸಣ್ಣವರಿಗೆ ಇದರಲ್ಲಿ ದೊಡ್ಡ ಆ್ಯಪ್‌ಗಳಿಗಿಂತ ಒಳ್ಳೆಯ ಅವಕಾಶ ಇದೆ ಅನ್ನುವುದು ನನ್ನ ಅಭಿಪ್ರಾಯ. ಅವರು ಒಂದು ದಿನ ಮುಂಚೆ ಫೋನ್ ಮಾಡಿ ಕನ್ನಡದಲ್ಲಿ ಮಾತಾಡಬಲ್ಲರು, ಪ್ರತಿಸಲ ಅದೇ ಮುಖಗಳನ್ನು ಕಳಿಸಬಲ್ಲರು. ಅಡುಗೆಮನೆಯಿಂದ ಶುರು ಮಾಡಲೇಬಾರದು. ಓವರ್‌ಹೆಡ್ ಟ್ಯಾಂಕು, ಸಂಪು, ಫ್ಯಾನು, ಕಿಟಕಿ ಜಾಲರಿ, ಅಟ್ಟ, ಇಂಥದ್ದರಿಂದ ಶುರು ಮಾಡಬೇಕು. ಸಂಪಿನಲ್ಲಿ ಪಾಚಿ ಕಟ್ಟಿದೆ ಅಂದರೆ ಯಾವ ಗೃಹಿಣಿಗೂ ಅವಮಾನ ಆಗುವುದಿಲ್ಲ. ಅದು ತನ್ನ ಕೆಲಸ ಅಂತ ಅವರು ಯಾವತ್ತೂ ಅಂದುಕೊಂಡೇ ಇಲ್ಲ. ಸಾಮಾನ್ಯವಾಗಿ ಅದು ಮಗನೋ ಗಂಡನೋ "ಮುಂದಿನ ಭಾನುವಾರ ಮಾಡಿಸ್ತೀನಿ" ಅಂತ ವರ್ಷಗಟ್ಟಲೆ ಮುಂದೂಡಿದ ಕೆಲಸ.

ಈ ದೀಪಾವಳಿಗೆ ಊರಿಗೆ ಇಂಥ ಕಾರ್ಡ್ ಕಳಿಸುವ ಯೋಚನೆ ಇದ್ದರೆ, ಮೊದಲು ಕೇಳಿ ಕಳಿಸಿ, ಸರ್‌ಪ್ರೈಸ್ ಬೇಡ. ಬುಕಿಂಗ್‌ನಲ್ಲಿ ಅವರ ನಂಬರ್ ಹಾಕಿ, ಓಟಿಪಿ ಅಂದರೆ ಏನು ಅಂತ ಹಿಂದಿನ ದಿನವೇ ಹೇಳಿ. ಹಬ್ಬದ ಹಿಂದಿನ ದಿನದ ಸ್ಲಾಟ್ ತಗೊಳ್ಳಬೇಡಿ, ಹತ್ತು ದಿನ ಮುಂಚಿನದು ತಗೊಳ್ಳಿ. ಬಂದವರಿಗೆ ಕೊಡುವ ಟಿಪ್ಸ್ ಹಣವನ್ನೂ ನೀವೇ ಮೊದಲೇ ಸೇರಿಸಿಬಿಡಿ. ಅದು ಎಷ್ಟು ಕೊಡಬೇಕು ಅಂತ ಗೊತ್ತಾಗದೆ, ಕಡಿಮೆ ಆಯಿತೇನೋ ಅಂತ ಒದ್ದಾಡಿ, ಕೊನೆಗೆ ಡಬ್ಬಿಯಲ್ಲಿದ್ದ ಚಕ್ಕುಲಿಯನ್ನೆಲ್ಲ ಕಟ್ಟಿಕೊಟ್ಟು ಕಳಿಸುವವರು ನಮ್ಮ ಮನೆಗಳಲ್ಲಿ ಬೇಕಾದಷ್ಟು ಜನ ಇದ್ದಾರೆ.